ಮುತ್ತುಗದ ಮರದ ಕುರಿತು ಪಂಚಾಯಿತಿ ಸದಸ್ಯರಿಗೊಂದು ಬಹಿರಂಗ ಪತ್ರ

ದೇವರಾಯಸಮುದ್ರ ಹಾಗೂ ಸುತ್ತಮುತ್ತಲ ಗ್ರಾಮ ಪಂಚಾಯಿತಿಗಳ ಮಾನ್ಯ ಸದಸ್ಯರಿಗೆ,

ಮುತ್ತುಗ ಬಯಲುಸೀಮೆಯ ಹೂಮರ. ಮುತ್ತಲ, ಪಲಾಶ, ಬ್ರಹ್ಮವೃಕ್ಷ ಎಂಬ ಹೆಸರುಗಳೂ ಇದಕ್ಕುಂಟು. ಮುಳಬಾಗಿಲು, ಶ್ರೀನಿವಾಸಪುರ ಕಡೆ ತೆಲುಗು ಆಡುವ ಮನೆಗಳಲ್ಲಿ ಇದೇ ಮೋದುಗ. ಸಸ್ಯಶಾಸ್ತ್ರಜ್ಞರು ಇದನ್ನು ಬ್ಯೂಟಿಯ ಮೋನೊಸ್ಪರ್ಮ ಎಂದು ಕರೆದು ಅವರೆ, ತೊಗರಿ, ಹೊಂಗೆಗಳ ಕುಟುಂಬಕ್ಕೆ ಸೇರಿಸಿದ್ದಾರೆ. ಹತ್ತರಿಂದ ಹದಿನೈದು ಮೀಟರ್ ಎತ್ತರಕ್ಕೆ ಬೆಳೆಯುವ ಮಧ್ಯಮ ಗಾತ್ರದ ಮರ. ಕಾಂಡ ಸೊಟ್ಟ, ಕೊಂಬೆಗಳು ಅಡ್ಡಾದಿಡ್ಡಿ, ತೊಗಟೆ ಬೂದು ಬಣ್ಣದ್ದು, ಒರಟು. ಭಾರತದ ಒಣ ಎಲೆಯುದುರುವ ಕಾಡುಗಳಲ್ಲೆಲ್ಲ ಇದು ಇದೆ. ಕೋಲಾರ ಜಿಲ್ಲೆಯ ಕಲ್ಲುಗುಡ್ಡಗಳ ಬುಡ, ಗೋಮಾಳ, ಕೆರೆಯ ಅಂಗಳದ ಅಂಚು, ಹೊಲದ ಬದು ಇದರ ಸಹಜ ನೆಲೆ. ವರ್ಷಕ್ಕೆ ಏಳುನೂರು ಮಿಲಿಮೀಟರ್ ಆಸುಪಾಸಿನ ಮಳೆ, ಕೆಂಪು ಜಲ್ಲಿಮಣ್ಣು, ವರ್ಷವಿಡೀ ಹರಿಯುವ ಒಂದು ಹೊಳೆಯೂ ಇಲ್ಲದ ಸೀಮೆ: ಬೇರೆ ಮರಕ್ಕೆ ಇದು ಕಷ್ಟದ ಜಾಗ, ಮುತ್ತುಗಕ್ಕೆ ತವರು. ಚೌಳು ಮಣ್ಣನ್ನೂ, ಮಳೆಗಾಲದಲ್ಲಿ ಕೆಲವು ದಿನ ನೀರು ನಿಲ್ಲುವ ತಗ್ಗನ್ನೂ ಇದು ಸಹಿಸಿಕೊಳ್ಳುತ್ತದೆ.

ಈ ಮರವನ್ನು ವರ್ಷದ ಒಂದೇ ಹೊತ್ತಿನಲ್ಲಿ ನೋಡಿ ಅಳೆಯಬಾರದು. ಬೌದ್ಧರ ಜಾತಕ ಕಥೆಗಳಲ್ಲಿ ಇದನ್ನೇ ಹೇಳುವ ಒಂದು ಕಥೆಯಿದೆ. ನಾಲ್ವರು ರಾಜಕುಮಾರರು ಕಿಂಶುಕ ಮರವನ್ನು, ಅಂದರೆ ಈ ಮುತ್ತುಗವನ್ನೇ, ನೋಡಬೇಕೆಂದು ಆಸೆಪಡುತ್ತಾರೆ. ಸಾರಥಿ ಒಬ್ಬೊಬ್ಬರನ್ನು ಒಂದೊಂದು ಕಾಲದಲ್ಲಿ ಕರೆದೊಯ್ಯುತ್ತಾನೆ: ಒಬ್ಬ ಮೊಗ್ಗೊಡೆಯುವಾಗ, ಒಬ್ಬ ಎಲೆ ತುಂಬಿದಾಗ, ಒಬ್ಬ ಹೂ ಬಿಟ್ಟಾಗ, ಒಬ್ಬ ಕಾಯಿ ಕಟ್ಟಿದಾಗ. ಆಮೇಲೆ ಮರ ಹೇಗಿದೆ ಎಂದು ಕೇಳಿದರೆ ನಾಲ್ವರದೂ ಬೇರೆ ಬೇರೆ ಉತ್ತರ, ನಾಲ್ವರಿಗೂ ಜಗಳ. ಇಂದು ಸರ್ವೆಗೆ ಬಂದವರು ಚಳಿಗಾಲದ ಕೊನೆಯಲ್ಲಿ ಎಲೆ ಕಳಚಿ ನಿಂತ ಸೊಟ್ಟ ಮರವನ್ನು ಕಂಡು ‘ಕುರುಚಲು’ ಎಂದು ಬರೆದುಕೊಂಡು ಹೋಗುವುದು ಅದೇ ಜಗಳದ ಮುಂದುವರಿಕೆ. ಎಲೆಯುದುರಿದ ಕೆಲವೇ ವಾರಕ್ಕೆ, ಶಿವರಾತ್ರಿಯ ಆಸುಪಾಸಿನಲ್ಲಿ, ಆ ಮರವೇ ಒಂದು ಎಲೆಯೂ ಇಲ್ಲದೆ ಕೆಂಡದ ಬಣ್ಣದ ಹೂ ಹೊತ್ತು ನಿಲ್ಲುತ್ತದೆ. ಹತ್ತಿರದ ಆವಣಿಯ ರಾಮಲಿಂಗೇಶ್ವರನ ಜಾತ್ರೆಗೆ ಜನ, ದನ ಸೇರುವ ಕಾಲವೂ ಅದೇ. ಹೂ ಮುಗಿಯುತ್ತಲೇ ತಾಮ್ರದ ಛಾಯೆಯ ಎಳೆ ಚಿಗುರು, ಬೇಸಿಗೆಯಲ್ಲಿ ಕಾಯಿ, ಮುಂಗಾರಿಗೆ ದಟ್ಟ ಹಸಿರು.

ಹೂವನ್ನು ಅಂಗೈಯಲ್ಲಿಟ್ಟು ನೋಡುವುದು ಒಳ್ಳೆಯದು. ದೂರದಿಂದ ಕಾಣುವ ಕೇಸರಿ ಬಣ್ಣ ಅದರ ಅರ್ಧ ಚೆಲುವು ಮಾತ್ರ. ಹೂವಿನ ಬುಡದಲ್ಲಿ ಮಖಮಲ್ಲಿನಂಥ ಕಪ್ಪು ಹಸಿರು ಬಟ್ಟಲು. ಅದರೊಳಗಿಂದ ಐದು ಎಸಳು: ಹಿಂದಕ್ಕೆ ಬಾಗಿದ ಅಗಲವಾದ ಒಂದು, ಅಕ್ಕಪಕ್ಕ ಎರಡು, ಒಂದಕ್ಕೊಂದು ಕೂಡಿ ಗಿಳಿಯ ಕೊಕ್ಕಿನಂತೆ ಬಾಗಿದ ಇನ್ನೆರಡು. ಎಸಳಿನ ಹೊರಮೈ ತುಂಬ ನವಿರಾದ ಬೆಳ್ಳಿ ರೋಮ. ಬಿಸಿಲು ಓರೆಯಾಗಿ ಬಿದ್ದಾಗ ಹೂಗೊಂಚಲು ಮಿನುಗುವುದು ಈ ರೋಮದಿಂದ. ಪರಿಮಳವಿಲ್ಲ. ಪರಿಮಳ ಬೇಕಾದದ್ದು ಜೇನು, ಪತಂಗಗಳನ್ನು ಕರೆಯುವ ಹೂಗಳಿಗೆ. ಮುತ್ತುಗ ಕರೆಯುವುದು ಹಕ್ಕಿಗಳನ್ನು, ಅದಕ್ಕೆ ಬಣ್ಣವೂ ಬುಡದಲ್ಲಿ ತುಂಬಿದ ಮಕರಂದವೂ ಸಾಕು. ಸೂರಕ್ಕಿ ಕೊಕ್ಕು ತೂರಿಸಿದಾಗ ಬಾಗಿದ ಎಸಳಿನೊಳಗಿನ ಕೇಸರದ ಪುಡಿ ಅದರ ಮೈಗಂಟಿ ಮುಂದಿನ ಮರಕ್ಕೆ ಹೋಗುತ್ತದೆ. ಗೊರವಂಕ, ಪಿಕಳಾರ, ಕಾಜಾಣ, ಅಳಿಲು ಎಲ್ಲವೂ ಹೂವಿನ ಕಾಲದಲ್ಲಿ ಮರದ ಮೇಲೆಯೇ. ಕೆರೆ ಬತ್ತಿ, ಬೇರೆ ಮರಗಳು ಬೋಳಾಗಿರುವ ತಿಂಗಳಲ್ಲಿ ಇಷ್ಟು ಜೀವಗಳಿಗೆ ಊಟ ಹಾಕುವ ಮರ ಈ ಸೀಮೆಯಲ್ಲಿ ಹೆಚ್ಚಿಲ್ಲ. ಆಮೇಲೆ ಬರುವ ಕಾಯಿ ಚಪ್ಪಟೆ, ಕಾಗದದಷ್ಟು ಹಗುರ. ತುದಿಯಲ್ಲಿ ಒಂದೇ ಒಂದು ಬೀಜ. ಬೇಸಿಗೆಯ ಗಾಳಿಗೆ ಸುತ್ತುತ್ತ ಹಾರಿ ಬೀಳುತ್ತದೆ.

ಮರದ ಉಪಯೋಗಗಳಲ್ಲಿ ಮೊದಲು ಹೇಳಬೇಕಾದದ್ದು ಎಲೆಯನ್ನು. ಒಂದು ತೊಟ್ಟಿಗೆ ಮೂರೆಲೆ. ನಡುವಿನದು ದೊಡ್ಡದು, ಅಕ್ಕಪಕ್ಕದ ಎರಡು ಸ್ವಲ್ಪ ಸಣ್ಣವು. ಎಲೆ ದಪ್ಪ, ಚರ್ಮದಂತೆ ಗಟ್ಟಿ, ಒಣಗಿದರೂ ಬೇಗ ಪುಡಿಯಾಗದು. ಈ ಗುಣದಿಂದಲೇ ಬಾಳೆ ಬೆಳೆಯಲು ನೀರಿಲ್ಲದ ಬಯಲುಸೀಮೆಯಲ್ಲಿ ಊಟದೆಲೆ ಎಂದರೆ ಮುತ್ತುಗದ ಎಲೆಯಾಯಿತು. ಕೋಲಾರದ ಕಡೆ ಇಸ್ತ್ರಿ ಎಲೆ ಎಂದರೂ ಇದೇ. ಮದುವೆ, ತಿಥಿ, ಹರಿಸೇವೆ, ಊರಹಬ್ಬದ ಪಂಕ್ತಿಗಳೆಲ್ಲ ಇದರ ಮೇಲೆ ನಡೆದವು.

ಎಲೆ ಹಚ್ಚುವುದು ನೋಡಲು ಸುಲಭ, ಮಾಡಲು ಕೈ ಪಳಗಬೇಕು. ಎಳೆ ಚಿಗುರು ಹರಿಯುತ್ತದೆ, ತೀರ ಬಲಿತದ್ದು ಮಡಿಸಿದರೆ ಸೀಳುತ್ತದೆ. ನಡುವಯಸ್ಸಿನ ಎಲೆಯನ್ನೇ ಆರಿಸಬೇಕು. ಬೆಳಗಿನ ತಂಪಿನಲ್ಲಿ ಕೊಯ್ದು ತಂದು, ತೊಟ್ಟು ಕಿತ್ತು, ಹಿಂಬದಿಯ ದಪ್ಪ ನರವನ್ನು ಹೆರೆದು ಸಮ ಮಾಡುತ್ತಾರೆ. ಅಗಲವಾದ ಒಂದೆಲೆಯನ್ನು ನಡುವಿಗಿಟ್ಟು, ಸುತ್ತ ಒಂದರ ಅಂಚಿನ ಮೇಲೆ ಇನ್ನೊಂದು ಏರುವಂತೆ ಜೋಡಿಸಿ, ಹಂಚಿಕಡ್ಡಿಯಿಂದಲೋ ಸೀಳಿದ ಬಿದಿರ ಕಡ್ಡಿಯಿಂದಲೋ ಚುಚ್ಚಿ ಚುಚ್ಚಿ ಸೇರಿಸುತ್ತಾರೆ. ಕಡ್ಡಿ ಎಲೆಯ ಮೇಲೆ ಬಂದು ಒಳಕ್ಕೆ ಹೋಗಿ ಮತ್ತೆ ಮೇಲೆ ಬಂದು ಮುರಿಯಬೇಕು. ಹೊಲಿಗೆಯೇ ಅದು, ದಾರ ಮಾತ್ರ ಇಲ್ಲ. ಅಂಚುಗಳು ಸಾಕಷ್ಟು ಮೇಲೇರದಿದ್ದರೆ ಸಾರು ಸೋರುತ್ತದೆ, ಕಡ್ಡಿ ಉದ್ದ ಬಿಟ್ಟರೆ ಉಣ್ಣುವವನ ಬೆರಳಿಗೆ ಚುಚ್ಚುತ್ತದೆ. ಹಚ್ಚಿದ ಎಲೆಗಳನ್ನು ಒಂದರ ಮೇಲೊಂದು ಪೇರಿಸಿ, ಮೇಲೆ ಕಲ್ಲು ಹೇರಿ, ನೆರಳಿನಲ್ಲಿ ಒಣಗಿಸಿ ಕಟ್ಟು ಕಟ್ಟಿಟ್ಟರೆ ತಿಂಗಳುಗಟ್ಟಲೆ ಬಾಳುತ್ತವೆ. ಬಡಿಸುವ ಮುಂಚೆ ನೀರು ಚಿಮುಕಿಸಿದರೆ ಎಲೆ ಮತ್ತೆ ಮೆತ್ತಗಾಗುತ್ತದೆ. ಒಂದೆರಡು ಎಲೆಯನ್ನು ಮಡಿಸಿ ಕಡ್ಡಿ ಚುಚ್ಚಿದರೆ ದೊನ್ನೆ. ಪಾಯಸಕ್ಕೆ, ಪ್ರಸಾದಕ್ಕೆ, ಸಂತೆಯಲ್ಲಿ ಬೆಣ್ಣೆ ಕಟ್ಟಿಕೊಡಲಿಕ್ಕೆ.

ಈ ಕೆಲಸ ಹೆಚ್ಚಾಗಿ ಹೆಂಗಸರದು, ವಯಸ್ಸಾದವರದು. ಹೊಲದಲ್ಲಿ ಕೆಲಸವಿಲ್ಲದ ದಿನಗಳಲ್ಲಿ ಜಗಲಿಯ ಮೇಲೆ ಕೂತು ಹಚ್ಚಿದ ಕಟ್ಟುಗಳು ಪೇಟೆಯ ಅಂಗಡಿಗೆ ಹೋಗಿ ಉಪ್ಪು, ಬೆಲ್ಲ, ಎಣ್ಣೆಯ ಖರ್ಚು ತೂಗಿಸುತ್ತಿದ್ದವು. ಮರ ಕಡಿಯಬೇಕಿಲ್ಲ, ಬಂಡವಾಳ ಬೇಕಿಲ್ಲ, ಬಳಸಿದ ಎಲೆ ತಿಪ್ಪೆಗೆ ಬಿದ್ದು ಗೊಬ್ಬರ. ಇಂಥ ಕಸುಬು ಕಳಚಿಹೋದದ್ದು ಪ್ಲಾಸ್ಟಿಕ್ ಬಳಿದ ಕಾಗದದ ತಟ್ಟೆ, ಥರ್ಮೋಕೋಲ್ ತಟ್ಟೆಗಳು ಅಗ್ಗವಾಗಿ ಬಂದಮೇಲೆ. ಕರ್ನಾಟಕ ಸರ್ಕಾರ 2016ರ ಮಾರ್ಚ್‌ನಲ್ಲಿ ಪ್ಲಾಸ್ಟಿಕ್ ತಟ್ಟೆ, ಲೋಟ, ಚೀಲಗಳನ್ನು ನಿಷೇಧಿಸಿತು. 2022ರ ಜುಲೈ 1ರಿಂದ ಒಮ್ಮೆ ಬಳಸಿ ಎಸೆಯುವ ಹಲವು ಪ್ಲಾಸ್ಟಿಕ್ ವಸ್ತುಗಳಿಗೆ ದೇಶಾದ್ಯಂತ ನಿಷೇಧ ಬಂತು. ನಿಷೇಧಿಸಿದ ವಸ್ತುವಿನ ಜಾಗದಲ್ಲಿ ಏನು ಬರಬೇಕು ಎಂಬ ಪ್ರಶ್ನೆಗೆ ಈ ಸೀಮೆಯಲ್ಲಿ ಹೊಸ ಉತ್ತರ ಹುಡುಕಬೇಕಾಗಿಲ್ಲ. ಎರಡು ಪದರ ಮುತ್ತುಗದ ಎಲೆಯನ್ನು ಬಿಸಿ ಅಚ್ಚಿನಲ್ಲಿ ಒತ್ತಿ ಗಟ್ಟಿ ತಟ್ಟೆ ಮಾಡುವ ಸಣ್ಣ ಯಂತ್ರಗಳೂ ಈಗ ಬಂದಿವೆ. ಸೋರುವ, ಚುಚ್ಚುವ ಹಳೆಯ ದೂರುಗಳು ಆ ತಟ್ಟೆಯಲ್ಲಿ ಇಲ್ಲ.

ಪೂಜೆ, ಸಂಸ್ಕಾರಗಳಲ್ಲಿ ಮುತ್ತುಗದ ಸ್ಥಾನ ವೇದಕಾಲದಷ್ಟು ಹಳೆಯದು. ಯಜ್ಞದಲ್ಲಿ ತುಪ್ಪ ಹೊಯ್ಯುವ ಜುಹೂ ಎಂಬ ಸೌಟನ್ನು ಪಲಾಶದ ಮರದಿಂದ ಮಾಡಬೇಕೆಂದು ವಿಧಿ. ಉಪನಯನದಲ್ಲಿ ವಟುವಿನ ಕೈಗೆ ಕೊಡುವ ದಂಡ ಪಲಾಶದ್ದು. ನವಗ್ರಹ ಹೋಮದಲ್ಲಿ ಒಂದೊಂದು ಗ್ರಹಕ್ಕೂ ಒಂದೊಂದು ಸಮಿತ್ತು: ಸೂರ್ಯನಿಗೆ ಎಕ್ಕ, ಗುರುವಿಗೆ ಅರಳಿ, ಶನಿಗೆ ಬನ್ನಿ, ಚಂದ್ರನಿಗೆ ಮುತ್ತುಗ. ಶಿವರಾತ್ರಿಯಲ್ಲಿ ಶಿವನಿಗೆ ಈ ಹೂ ಏರಿಸುವುದು ರೂಢಿ. ರಾಮಾಯಣದಲ್ಲಿ ಮೈತುಂಬ ಗಾಯಗೊಂಡ ವೀರರನ್ನು ಹೂಬಿಟ್ಟ ಕಿಂಶುಕ ಮರಕ್ಕೆ ಹೋಲಿಸುವುದು ಮತ್ತೆ ಮತ್ತೆ ಬರುತ್ತದೆ. ಆವಣಿಯ ಬೆಟ್ಟವನ್ನು ವಾಲ್ಮೀಕಿಯ ಆಶ್ರಮ, ಲವಕುಶರು ಹುಟ್ಟಿದ ಜಾಗ ಎಂದು ನಂಬುವ ಊರಿನ ಮಕ್ಕಳಿಗೆ ಆ ಮರವನ್ನು ತೋರಿಸಿ ಹೇಳಬಹುದಾದ ಸಂಗತಿ ಇದು. ಒಂದು ಎಚ್ಚರಿಕೆಯೂ ಸೇರಬೇಕು. ಅಪರೂಪಕ್ಕೆ ಹಳದಿ, ಇನ್ನೂ ಅಪರೂಪಕ್ಕೆ ಬಿಳಿ ಹೂ ಬಿಡುವ ಮುತ್ತುಗಗಳಿವೆ. ಬಿಳಿ ಮುತ್ತುಗಕ್ಕೆ ನಿಧಿ ತೋರಿಸುವ ಶಕ್ತಿಯಿದೆ, ಮಾಟ ಮಂತ್ರಕ್ಕೆ ಆಗುತ್ತದೆ ಎಂಬ ಮೂಢನಂಬಿಕೆಯಿಂದ ಬೇರು, ತೊಗಟೆ, ಹೂಗಳನ್ನು ಕಿತ್ತು ಮರಗಳನ್ನೇ ಹಾಳುಮಾಡುವವರಿದ್ದಾರೆ. ಅಂಥ ಮರದಲ್ಲಿರುವುದು ಬಣ್ಣದ ವ್ಯತ್ಯಾಸ ಮಾತ್ರ; ಅದು ಉಳಿಯಬೇಕಾದದ್ದು ಅಪರೂಪದ ತಳಿ ಎಂಬ ಕಾರಣಕ್ಕೆ.

ಹೂವಿನಿಂದ ಬಣ್ಣ ತೆಗೆಯುವುದು ಇನ್ನೊಂದು ಹಳೆಯ ವಿದ್ಯೆ. ಒಣಗಿದ ಹೂವನ್ನು ರಾತ್ರಿ ನೆನೆಹಾಕಿ ಅಥವಾ ಕುದಿಸಿ ಸೋಸಿದರೆ ಹಳದಿ ಕೇಸರಿ ನೀರು ಸಿಗುತ್ತದೆ. ಚೂರು ಸುಣ್ಣ ಬಿದ್ದರೆ ಬಣ್ಣ ಕೆಂಪಿಗೆ ತಿರುಗುತ್ತದೆ. ಉತ್ತರ ಭಾರತದ ಹೋಳಿಯ ಬಣ್ಣ ಮೂಲತಃ ಇದೇ. ಪಟಿಕದಲ್ಲಿ ಅದ್ದಿದ ರೇಷ್ಮೆ, ಹತ್ತಿ ನೂಲಿಗೆ ಇದು ಚೆನ್ನಾಗಿ ಹತ್ತುತ್ತದೆ, ಆದರೆ ಬಿಸಿಲಿಗೆ ಬೇಗ ಮಾಸುತ್ತದೆ ಎಂಬುದನ್ನೂ ಹೇಳಲೇಬೇಕು. ಓಕುಳಿಯಾಡಿ ತೊಳೆದುಕೊಳ್ಳುವುದಕ್ಕಂತೂ ಮಾಸುವ ಬಣ್ಣವೇ ಒಳ್ಳೆಯದು. ಶಾಲೆಯ ಮಕ್ಕಳ ಕೈಗೆ ರಾಸಾಯನಿಕ ಪುಡಿಗಿಂತ ಇದನ್ನು ಕೊಡಬಹುದು.

ತೊಗಟೆಗೆ ಗಾಯ ಮಾಡಿದರೆ ಕೆಂಪು ಅಂಟು ಒಸರಿ ಮಾಣಿಕ್ಯದ ಹರಳಿನಂತೆ ಗಟ್ಟಿಯಾಗುತ್ತದೆ. ಟ್ಯಾನಿನ್ ತುಂಬಿದ ಈ ಅಂಟು ಬಂಗಾಳ ಕೈನೊ ಎಂಬ ಹೆಸರಿನಲ್ಲಿ ವಿದೇಶಿ ಔಷಧದಂಗಡಿಗೂ ಹೋಗಿತ್ತು. ಭೇದಿ ಕಟ್ಟಿಸಲು, ಚರ್ಮ ಹದ ಮಾಡಲು ಬಳಕೆ. ಬೇರು ಮತ್ತು ತೊಗಟೆಯ ನಾರು ಹಗ್ಗಕ್ಕೆ ಬರುತ್ತದೆ, ಜಜ್ಜಿದ ಬೇರು ಸುಣ್ಣ ಬಳಿಯುವ ಕುಂಚವಾಗುತ್ತದೆ. ಮರಮುಟ್ಟು ಮೆದು, ಬಾಗಿಲು ಕಿಟಕಿಗೆ ಆಗದು. ಆದರೆ ನೀರಿನಲ್ಲಿ ಮುಳುಗಿದ್ದಾಗ ಬಾಳುವುದರಿಂದ ಬಾವಿಯ ಕಟ್ಟಿಗೆ ಹಾಕುತ್ತಿದ್ದರು. ಎಮ್ಮೆಗಳು ಎಲೆ ಮೇಯುತ್ತವೆ. ಅರಗಿನ ಹುಳುವನ್ನು ಸಾಕುವ ಮರಗಳಲ್ಲಿ ಮುತ್ತುಗ ದೇಶದಲ್ಲೇ ಮುಖ್ಯವಾದದ್ದು. ಜಾರ್ಖಂಡ್, ಛತ್ತೀಸಗಡಗಳ ಅರಗಿನ ಕೃಷಿಯ ಬಹುಪಾಲು ಮುತ್ತುಗ, ಬೋರೆ, ಸಾಗಡೆ ಮರಗಳನ್ನು ನಂಬಿದೆ. ಜಾರ್ಖಂಡಿನ ರಾಜ್ಯಪುಷ್ಪವೂ ಇದೇ. ಹಳೆಯ ಮೈಸೂರು ಸೀಮೆಯಲ್ಲಿ ಅರಗಿಗೆ ಜಾಲಾರಿ ಮರ ಹೆಚ್ಚು ಬಳಕೆಯಲ್ಲಿತ್ತು, ಆದ್ದರಿಂದ ಇಲ್ಲಿ ಮುತ್ತುಗದ ಆ ಉಪಯೋಗ ಮುನ್ನೆಲೆಗೆ ಬರಲಿಲ್ಲ.

ಔಷಧದ ವಿಷಯ ಚಿಕ್ಕದಾಗಿ ಸಾಕು. ಆಯುರ್ವೇದದಲ್ಲಿ ಪಲಾಶದ ಬೀಜ ಜಂತುಹುಳುವಿಗೆ ಹೆಸರಾದ ಮದ್ದು, ಅದರಲ್ಲಿ ಪಲಾಸೋನಿನ್ ಎಂಬ ಹುಳುನಾಶಕ ಅಂಶವಿರುವುದನ್ನು ವಿಜ್ಞಾನಿಗಳು ಗುರುತಿಸಿದ್ದಾರೆ. ಅಳತೆ ತಪ್ಪಿದರೆ ಅದೇ ಬೀಜ ಹೊಟ್ಟೆಗೂ ಮೂತ್ರಪಿಂಡಕ್ಕೂ ಕೆಡುಕು. ವೈದ್ಯರು ಹೇಳದೆ ಮನೆಯಲ್ಲಿ ಮಕ್ಕಳಿಗೆ ಕೊಡತಕ್ಕದ್ದಲ್ಲ.

ಇಷ್ಟು ಕೊಡುವ ಮರ ಕಡಿಮೆಯಾದದ್ದು ಬರದಿಂದಲ್ಲ, ನೆಲದ ಬಳಕೆ ಬದಲಾದ್ದರಿಂದ. 1980ರ ದಶಕದಲ್ಲಿ ವಿಶ್ವಬ್ಯಾಂಕಿನ ನೆರವಿನ ಸಾಮಾಜಿಕ ಅರಣ್ಯ ಯೋಜನೆ ಬಂದಾಗ ಕೋಲಾರ ಜಿಲ್ಲೆಯ ಗೋಮಾಳಗಳೂ ಹೊಲಗಳೂ ನೀಲಗಿರಿ ತೋಪುಗಳಾದವು. ಬೇಗ ಬೆಳೆದು ಬೇಗ ಮಾರಾಟವಾಗುವ ಮರದ ಮುಂದೆ ನಿಧಾನವಾಗಿ ಬೆಳೆಯುವ ಮುತ್ತುಗಕ್ಕೆ ಬೆಲೆ ಸಿಗಲಿಲ್ಲ. ನೀಲಗಿರಿಯ ಕೆಳಗೆ ಹುಲ್ಲೂ ಸರಿಯಾಗಿ ಏಳಲಿಲ್ಲ, ದನಕ್ಕೆ ಮೇವೂ ಇಲ್ಲ, ಊಟದೆಲೆಯೂ ಇಲ್ಲ. 2017ರಲ್ಲಿ ರಾಜ್ಯ ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿದ ಮೇಲೆ ಹಲವು ಕಡೆ ತೋಪುಗಳನ್ನು ಕಿತ್ತು ನೆಲ ಬಯಲಾಗಿದೆ. ಇನ್ನೊಂದು ಕಡೆಯಿಂದ ಅಲಂಕಾರದ ಹೆಸರಿನಲ್ಲಿ ಹೊರದೇಶದ ಮರಗಳು ಬರುತ್ತಿವೆ. ಜಿ. ಎಚ್. ಕ್ರುಂಬಿಗಲ್ 1908ರಲ್ಲಿ ಬೆಂಗಳೂರಿಗೆ ಬಂದು, ವರ್ಷವಿಡೀ ಒಂದಲ್ಲ ಒಂದು ಮರ ಹೂ ಬಿಟ್ಟಿರುವಂತೆ ಬೀದಿಸಾಲುಗಳನ್ನು ಯೋಜಿಸಿದವರು. ಆ ಯೋಚನೆ ಸೊಗಸಾದದ್ದೇ. ಆದರೆ ಅದರ ನೆರಳಿನಲ್ಲಿ, ಹೂಮರ ಎಂದರೆ ಮಡಗಾಸ್ಕರಿನ ಗುಲ್‌ಮೊಹರ್, ದಕ್ಷಿಣ ಅಮೆರಿಕದ ತಬೇಬುಯ ಎಂದಷ್ಟೇ ನರ್ಸರಿಗಳು ತಿಳಿಯುವಂತಾದದ್ದು ಸರಿಯಲ್ಲ. ಗುಲ್‌ಮೊಹರ್ ಗಾಳಿಗೆ ಮುರಿದು ಬೀಳುತ್ತದೆ, ಅದರ ಎಲೆಯಲ್ಲಿ ಊಟ ಮಾಡಲಾಗದು. ಬಣ್ಣಕ್ಕೆ ಮುತ್ತುಗ ಯಾವುದಕ್ಕೂ ಕಡಿಮೆಯಲ್ಲ.

ಬೆಳೆಸುವುದು ಕಷ್ಟವಲ್ಲ, ಆದರೆ ರೀತಿ ತಿಳಿದಿರಬೇಕು. ಮೇ ತಿಂಗಳಿನಿಂದ ಜೂನ್‌ವರೆಗೆ ಮರದ ಕೆಳಗೆ ಒಣ ಕಾಯಿ ಬಿದ್ದಿರುತ್ತದೆ. ಹುಳು ಹಿಡಿಯದ, ತುಂಬಿದ ಬೀಜದ ಕಾಯಿಗಳನ್ನು ಆಯ್ದು ಆ ವರ್ಷವೇ ಬಿತ್ತಬೇಕು. ಇಟ್ಟಷ್ಟೂ ಮೊಳಕೆಯ ಶಕ್ತಿ ಕುಂದುತ್ತದೆ. ಸಸಿಯ ತಾಯಿಬೇರು ಬೇಗ ಆಳಕ್ಕಿಳಿಯುವುದರಿಂದ ಪಾಲಿಥಿನ್ ಚೀಲದಲ್ಲಿ ಬಹಳ ಕಾಲ ಇಟ್ಟರೆ ಬೇರು ಸುತ್ತಿಕೊಂಡು ಗಿಡ ಸೊರಗುತ್ತದೆ. ಮುಂಗಾರಿನ ಮೊದಲ ಹದಮಳೆಗೆ ನೇರವಾಗಿ ಗುಂಡಿಗೆ ಬೀಜ ಹಾಕುವುದು ಮೇಲು. ಮೊದಲೆರಡು ವರ್ಷ ಗಿಡ ಮೇಲಕ್ಕೆ ಹೆಚ್ಚು ಏಳುವುದಿಲ್ಲ, ಬೇರನ್ನೇ ಬೆಳೆಸಿಕೊಳ್ಳುತ್ತದೆ. ಆ ಹೊತ್ತಿನಲ್ಲಿ ‘ಗಿಡ ಹಿಡಿಯಲಿಲ್ಲ’ ಎಂದು ಲೆಕ್ಕದಿಂದ ತೆಗೆದುಹಾಕಬಾರದು. ಹಳೆಯ ಮರವಿದ್ದ ಕಡೆ ಇನ್ನೂ ಸುಲಭ: ಬೇರಿನಿಂದ ತಾನಾಗಿ ಕಂದು ಏಳುತ್ತದೆ, ಕಡಿದ ಬುಡವೂ ಚಿಗುರುತ್ತದೆ. ಬೆಂಕಿ ಬೀಳದಂತೆ, ಜೆಸಿಬಿ ಹಾಯದಂತೆ ಕೆಲವು ವರ್ಷ ಕಾದರೆ ನೆಡದೆಯೇ ಮುತ್ತುಗದ ತೋಪು ಮರಳುತ್ತದೆ. ವಿದ್ಯುತ್ ತಂತಿಯ ಕೆಳಗೆ, ಕಿರಿದಾದ ಬೀದಿಯಲ್ಲಿ ಇದನ್ನು ನೆಡಬಾರದು, ಕೊಂಬೆ ಅಡ್ಡ ಚಾಚುತ್ತದೆ. ಗೋಮಾಳ, ಸ್ಮಶಾನ, ಶಾಲೆಯ ಆವರಣದ ಅಂಚು, ಕೆರೆಯಂಗಳದ ಮೇಲ್ಭಾಗ ಸರಿಯಾದ ಜಾಗ. ಕೆರೆ ಏರಿಯ ಮೇಲೆ ಮಾತ್ರ ಬೇಡ. ಬೇರು ಮಣ್ಣಿನ ಏರಿಯನ್ನು ಸಡಿಲಿಸಬಹುದು.

ಪಂಚಾಯಿತಿಗೆ ಇದರಲ್ಲಿ ಅಧಿಕಾರವೂ ಇದೆ, ಹೊಣೆಯೂ ಇದೆ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಸ್ಥಳೀಯ ಸಂಸ್ಥೆಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಊರಿನ ಗಿಡಮರ, ಪ್ರಾಣಿ, ಅವುಗಳ ಬಳಕೆಯ ಅರಿವನ್ನು ಅದು ಜನತಾ ಜೀವವೈವಿಧ್ಯ ದಾಖಲಾತಿಯಲ್ಲಿ ಬರೆದಿಡಬೇಕು. ಎಲೆ ಹಚ್ಚಲು ಬಲ್ಲ ಹಿರಿಯರು ಇನ್ನೂ ಇರುವಾಗಲೇ ಅವರನ್ನು ಕೇಳಿ ಬರೆದುಕೊಂಡರೆ ಆ ದಾಖಲಾತಿಗೆ ಜೀವ ಬರುತ್ತದೆ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಅನುಮತಿಯಿಲ್ಲದೆ ಮರ ಕಡಿಯುವುದನ್ನು ತಡೆಯುತ್ತದೆ. ರಸ್ತೆ, ಕಟ್ಟಡದ ಕಾಮಗಾರಿಗೆ ಜಾಗ ಗುರುತಿಸುವ ದಿನ ಸ್ಥಳಕ್ಕೆ ಹೋಗುವ ಸದಸ್ಯರಿಗೆ ಎಲೆಯಿಲ್ಲದ ಮುತ್ತುಗವನ್ನು ತೊಗಟೆಯಿಂದಲೇ ಗುರುತಿಸಲು ಬರಬೇಕು.

ಉದ್ಯೋಗ ಖಾತ್ರಿಯ ಕೆಲಸಗಳಿಗೆ ಮುಂದಿನ ಸಾಲಿನ ಕ್ರಿಯಾಯೋಜನೆ ಬರೆಯುವಾಗ ನೆಡಬೇಕಾದ ಗಿಡಗಳ ಪಟ್ಟಿಯಲ್ಲಿ ಹೊಂಗೆ, ಬೇವು, ಹುಣಸೆಯ ಪಕ್ಕದಲ್ಲಿ ಮುತ್ತುಗವನ್ನೂ ಸೇರಿಸಬೇಕು. ಬೀಜ ಆಯುವ ಕೆಲಸವನ್ನು ಮೇ ತಿಂಗಳಲ್ಲೇ ಸ್ತ್ರೀಶಕ್ತಿ ಸಂಘಗಳಿಗೆ ವಹಿಸಬೇಕು. ಪಂಚಾಯಿತಿಯ ಸಭೆ, ಊರಹಬ್ಬ, ದೇವಸ್ಥಾನದ ದಾಸೋಹಗಳಿಗೆ ಕಾಗದದ ತಟ್ಟೆ ತರಿಸುವ ಹಣದಲ್ಲಿ ಅದೇ ಸಂಘಗಳಿಂದ ಮುತ್ತುಗದ ಎಲೆ ಕೊಳ್ಳಬೇಕು. ಈ ಮೂರಕ್ಕೂ ಹೊಸ ಅನುದಾನ ಬೇಕಾಗಿಲ್ಲ, ಸಭೆಯ ಒಂದು ಠರಾವು ಸಾಕು. ಬರುವ ಮುಂಗಾರಿನ ಒಳಗೆ ಆ ಠರಾವು ಆಗಲಿ ಎಂದು ಸದಸ್ಯರೆಲ್ಲರಲ್ಲಿ ವಿನಂತಿ.